ನಾಲ್ಕೂವರೆ ಬಾತ್‌ರೂಮು

ಅಮೆರಿಕದಲ್ಲಿ ನಮ್ಮ ಕನ್ನಡದ ಮಂದಿ ಸಮಾಜಸೇವೆ ಮಾಡುವುದನ್ನು ನೀವು ನೋಡಿಲ್ಲವಾದರೆ ನಷ್ಟವೇನೂ ಇಲ್ಲ. ಅಟ್ಲಾಂಟಾದ ಹತ್ತಿರದ ಅಲ್ಫರೆಟಾದಲ್ಲಿ ಕೂತು ನಾನು ವರ್ಷಗಟ್ಟಲೆ ನೋಡಿದ್ದೇನೆ. ಮೊದಲು ಬ್ಯಾನರ್ ಬರುತ್ತದೆ, ಆಮೇಲೆ ಫೋಟೋ ತೆಗೆಯುವವನು ಬರುತ್ತಾನೆ, ಅವನ ಹಿಂದೆಯೇ ಬಿಸಿಬೇಳೆ ಬಾತಿನ ಟ್ರೇಗಳು ಬರುತ್ತವೆ. ಸೇವೆ ಯಾರಿಗೆ ಆಗಬೇಕೋ ಅವರನ್ನು ಕರೆಯುವುದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ನಾನು ಆಗ ಅಟ್ಲಾಂಟಾದ ಹೊರಗೆ, ಹೈವೇ ಪಕ್ಕದ ಒಂದು ಸಣ್ಣ ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೆ. ಪಕ್ಕದಲ್ಲಿ ಟೈರ್ ಅಂಗಡಿ, ಎದುರಿಗೆ ಟಾಕೊ ತಿಂಡಿ ಮಾರುವ ಗಾಡಿ. ಬರುವವರೆಲ್ಲ ಮೆಕ್ಸಿಕೊ, ಗ್ವಾಟೆಮಾಲಾ, ಹೊಂಡುರಾಸ್ ಕಡೆಯ ಸ್ಪ್ಯಾನಿಷ್ ಮಾತಾಡುವ ಬಡವರು. ಇನ್ಶೂರೆನ್ಸ್ ಇಲ್ಲ, ಅನೇಕರಿಗೆ ಸರಿಯಾದ ಕಾಗದಪತ್ರವೂ ಇಲ್ಲ. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಗಂಡಸರು ಬರುತ್ತಿದ್ದುದು ಕೈ ಮುರಿದಾಗ, ಇಲ್ಲವೇ ಬೇರೆಯವರು ಹೊತ್ತು ತಂದಾಗ. ಈ ಗಂಡಸರಲ್ಲಿ ಐವತ್ತು ದಾಟಿದವರನ್ನು ಹಿಡಿದು ದೊಡ್ಡ ಕರುಳಿನ ಕ್ಯಾನ್ಸರ್ ಪರೀಕ್ಷೆ ಮಾಡಿಸುವುದು ನನ್ನ ಪಾಲಿಗೆ ಬಂದ ಕೆಲಸ. ಅದಕ್ಕಾಗಿ ಸ್ಪ್ಯಾನಿಷ್ ಕಲಿತಿದ್ದೆ, ಧಾರವಾಡದ ರಾಗದಲ್ಲಿ.

ಪರೀಕ್ಷೆಯ ಮೊದಲ ಹಂತ ಸುಲಭ. ಒಂದು ಪುಟ್ಟ ಡಬ್ಬಿ ಕೊಡುತ್ತೇವೆ. ಅವರು ಮನೆಯಲ್ಲಿ ಕಡ್ಡಿಯಿಂದ ಒಂದು ಚೂರು ಮಲ ತೆಗೆದು ಅದರೊಳಗೆ ಹಾಕಿ ತಂದುಕೊಡಬೇಕು. ಕಣ್ಣಿಗೆ ಕಾಣದ ರಕ್ತ ಅದರಲ್ಲಿದೆಯೇ ಎಂದು ಲ್ಯಾಬಿನವರು ನೋಡುತ್ತಾರೆ. ರಕ್ತ ಕಂಡರೆ ಎರಡನೆಯ ಹಂತ, ಕೊಲೊನೋಸ್ಕೋಪಿ. ಹೊಟ್ಟೆಯನ್ನು ಪೂರ್ತಿ ಖಾಲಿ ಮಾಡಿಸಿ, ಮಂಪರು ಬರಿಸಿ, ಹಿಂದಿನಿಂದ ಕ್ಯಾಮರಾ ಬಿಟ್ಟು ಕರುಳನ್ನು ನೋಡುವುದು. ಬೇಗ ಸಿಕ್ಕಿದರೆ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ತಡವಾದರೆ ಆಸಾಮಿ ಹೋದ ಎಂದೇ ಲೆಕ್ಕ.

ನಮ್ಮೂರಿನ ಕನ್ನಡ ಕೂಟಕ್ಕೆ ಒಂದು ಸೇವಾ ಕಮಿಟಿ ಇತ್ತು. ಅದರ ಅಧ್ಯಕ್ಷರು ಹೃದಯದ ಡಾಕ್ಟರು, ಮೈಸೂರು ಕಡೆಯವರು, ಅರವತ್ತರ ಹತ್ತಿರದವರು. ಒಂದು ಊಟದ ಮನೆಯಲ್ಲಿ ನನ್ನ ಕೆಲಸದ ವಿಷಯ ಕೇಳಿ ಅವರಿಗೆ ಸ್ಫೂರ್ತಿ ಬಂದುಬಿಟ್ಟಿತು.

“ಏನಮ್ಮಾ, ಇದಕ್ಕೆ ನಮ್ಮ ಕಮ್ಯುನಿಟಿಯಿಂದಾನೂ ಕಾಂಟ್ರಿಬ್ಯೂಟ್ ಮಾಡೋಣ. ಒಂದು ದೊಡ್ಡ ಹೆಲ್ತ್ ಫೇರ್ ಆರ್ಗನೈಸ್ ಮಾಡ್ತೀನಿ ನೋಡ್ತಿರು,” ಎಂದರು.

ನೋಡಿದೆ. ಮೇಳ ನಡೆದದ್ದು ಅಲ್ಫರೆಟಾದ ಒಂದು ಬಾಡಿಗೆ ಸಭಾಂಗಣದಲ್ಲಿ. ಅಲ್ಲಿಗೆ ಕಾರಿಲ್ಲದೆ ಕಾಗೆಯೂ ಬರಲಾರದು. ಭಾನುವಾರ ಬೆಳಿಗ್ಗೆ, ಆ ಗಂಡಸರು ಚರ್ಚಿನಲ್ಲಿರುವ ಹೊತ್ತಿಗೆ ಸರಿಯಾಗಿ. ಬ್ಯಾನರಿನಲ್ಲಿ ಮೆಕ್ಸಿಕೊದ ಗುರುತೆಂದು ಕಳ್ಳಿಗಿಡ, ಅಗಲ ಟೋಪಿ, ಮೀಸೆ. ಮಧ್ಯಾಹ್ನವಾದರೂ ಒಬ್ಬನೇ ಒಬ್ಬ ಸ್ಪ್ಯಾನಿಷ್ ಗಂಡಸು ಬರಲಿಲ್ಲ. ನಮ್ಮ ಸೇವಕರು ನಲವತ್ತು ಜನ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಪರಸ್ಪರ ಬಿ.ಪಿ. ನೋಡಿಕೊಂಡು, ಬಾತು ತಿಂದು, ಮೊಸರನ್ನಕ್ಕೆ ಒಗ್ಗರಣೆ ಸಾಲದು ಎಂದು ಮಾತಾಡಿಕೊಂಡರು.

ಫೋಟೋದವನು ಚಡಪಡಿಸತೊಡಗಿದ. ಅಷ್ಟರಲ್ಲಿ ಯಾರೋ ಸಭಾಂಗಣದ ಅಡುಗೆಮನೆಯ ಬಾಗಿಲು ತೆಗೆದರು. ಒಳಗೆ ಮೂವರು ಗಂಡಸರು ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದರು.

“ಅರೆ, ಇವ್ರೇ ಇದ್ದಾರಲ್ಲ,” ಎಂದರು ಡಾಕ್ಟರು.

ಮೂವರನ್ನೂ ಎಬ್ಬಿಸಿ ತಂದು ಬ್ಯಾನರಿನ ಮುಂದೆ ನಿಲ್ಲಿಸಿದರು. ಒಬ್ಬನ ಕೈಯಲ್ಲಿದ್ದ ಕರಣೆ ಇಳಿಸಿ, ಮೂವರಿಗೂ ಒಂದೊಂದು ಡಬ್ಬಿ ಹಿಡಿಸಿದರು. ಫೋಟೋ ಆಯಿತು. ಆಮೇಲೆ ಅವರನ್ನು ಅಡುಗೆಮನೆಗೆ ವಾಪಸ್ ಕಳಿಸಿದರು. ಬಾತು ಕೊಡಬೇಕೆಂದು ಕೂಡ ಯಾರಿಗೂ ಹೊಳೆಯಲಿಲ್ಲ, ನಾನೇ ಮೂರು ತಟ್ಟೆ ತೆಗೆದುಕೊಂಡು ಹೋದೆ. ಇಬ್ಬರು ಡಬ್ಬಿಗಳನ್ನು ಆಗಲೇ ಕಿಟಕಿಯ ಮೇಲೆ ಇಟ್ಟುಬಿಟ್ಟಿದ್ದರು. ಮೂರನೆಯವನು, ಐವತ್ತು ದಾಟಿದ, ಮೀಸೆ ಬೆಳ್ಳಗಾದ ಮನುಷ್ಯ, ಇದು ಏನು ಎಂದು ನನ್ನನ್ನು ಸ್ಪ್ಯಾನಿಷ್‌ನಲ್ಲಿ ಕೇಳಿದ. ಹೇಳಿದೆ. ಜೇಬಿಗೆ ಹಾಕಿಕೊಂಡ. ಮುಂದಿನ ವಾರ ಕ್ಲಿನಿಕ್ಕಿಗೆ ಬಂದು ಡಬ್ಬಿ ಕೊಟ್ಟು ಹೋದ. ಆ ದೊಡ್ಡ ಮೇಳದಿಂದ ವಾಪಸ್ ಬಂದ ಡಬ್ಬಿ ಅದೊಂದೇ.

ಅದರಲ್ಲಿ ರಕ್ತವಿತ್ತು.

ಈಗೇನು ಮಾಡುವುದು ಎಂದು ಕಮಿಟಿಯನ್ನು ಕೇಳಿದೆ. ಡಾಕ್ಟರು ಗಲ್ಲ ಕೆರೆದುಕೊಂಡರು. “ಪಾಸಿಟಿವ್ ಬಂದ್ರೆ ಏನ್ಮಾಡೋದು ಅಂತ ನಾವು ಪ್ಲ್ಯಾನ್ ಮಾಡಿರ್ಲಿಲ್ವಲ್ಲಮ್ಮ,” ಎಂದರು. ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಬಂದಮೇಲೆ, ಹೆಣ್ಣಿನ ಕಡೆಯವರು ಒಪ್ಪಿದರು ಎಂದು ಗಾಬರಿಯಾಗುವ ಬೀಗರ ಥರ. ಪರೀಕ್ಷೆ ಮಾಡಿಸಿ, ನಿನ್ನ ಹೊಟ್ಟೆಯಲ್ಲಿ ಏನೋ ಇದೆ ಎಂದು ಹೇಳಿ, ಮುಂದೆ ದಾರಿಯಿಲ್ಲ ಹೋಗು ಎನ್ನುವುದಾದರೆ ಆ ಪರೀಕ್ಷೆ ಮಾಡದೆ ಇರುವುದು ವಾಸಿ. ಹಾಗೆಂದು ಮುಖದ ಮೇಲೆಯೇ ಹೇಳಿದೆ. ಇವಳಿಗೆ ಬಾಯಿ ಜಾಸ್ತಿ ಎಂಬ ಹೆಸರು ನನಗೆ ಮೊದಲೇ ಇತ್ತು.

ಊರಿನಲ್ಲೊಬ್ಬ ಹೊಟ್ಟೆಯ ಡಾಕ್ಟರಿದ್ದ, ನಮ್ಮವನಲ್ಲ, ಬ್ಯಾನರ್ ಗೀನರ್ ಏನೂ ಇಲ್ಲದವನು. ತಿಂಗಳಿಗೊಬ್ಬರಿಗೆ ಪುಕ್ಕಟೆಯಾಗಿ ಕೊಲೊನೋಸ್ಕೋಪಿ ಮಾಡಿಕೊಡುತ್ತಿದ್ದ. ಅವನ ಕಾಲು ಹಿಡಿದು ನಮ್ಮ ಟೈಲ್ಸಿನವನಿಗೆ ಒಂದು ದಿನ ಗಿಟ್ಟಿಸಿದೆ. ಹಿಂದಿನ ದಿನ ಕುಡಿಯಬೇಕಾದ ಭೇದಿಯ ಔಷಧಿಯ ದೊಡ್ಡ ಕ್ಯಾನನ್ನು ಅವನ ಕೈಗೆ ಕೊಟ್ಟು, ಕುಡಿಯುವ ಕ್ರಮ ತಿಳಿಸಿ ಕಳಿಸಿದೆ. ಆ ದಿನ ಬಂತು, ಅವನು ಬರಲಿಲ್ಲ. ಹೊಟ್ಟೆಯ ಡಾಕ್ಟರ್ ಫೋನ್ ಮಾಡಿ, ಇನ್ನೊಂದು ಸಲ ಕೊಡುತ್ತೇನೆ, ಅದೂ ತಪ್ಪಿದರೆ ಸಾಲಿನಲ್ಲಿ ಕಾಯುತ್ತಿರುವ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದ. ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಈ ಸುದ್ದಿ ಸಿಕ್ಕಿದ್ದೇ ತಡ, ನಮ್ಮ ಕಮಿಟಿಗೆ ಜೀವ ಬಂತು. ಮೀಟಿಂಗ್ ಕರೆದರು. ಅಧ್ಯಕ್ಷರ ಮನೆಯ ದೊಡ್ಡ ಟಿವಿಯಲ್ಲಿ ಸ್ಲೈಡ್‌ಗಳು ಓಡಿದವು.

“ಇದು ಅವರ ಕಲ್ಚರ್ ಪ್ರಾಬ್ಲಮ್ ಕಣಮ್ಮ,” ಎಂದರು ಡಾಕ್ಟರು. “ಗಂಡಸ್ತನದ ಪ್ರಶ್ನೆ ಅವರಿಗೆ. ಹಿಂದಿನಿಂದ ಟೆಸ್ಟ್ ಅಂದ್ರೆ ಅವಮಾನ. ಎಷ್ಟು ಎಜುಕೇಟ್ ಮಾಡಿದ್ರೂ ಅಷ್ಟೇ.”

“ಸರ್, ನೀವು ಮಾಡಿಸ್ಕೊಂಡಿದ್ದೀರಾ?” ಎಂದು ಕೇಳಿದೆ.

ಟಿವಿಯ ಸುತ್ತ ಕೂತಿದ್ದ ಗಂಡಸರೆಲ್ಲ ತಮ್ಮ ತಮ್ಮ ತಟ್ಟೆಯ ಕೋಡುಬಳೆ ನೋಡತೊಡಗಿದರು. ಎಲ್ಲರೂ ಐವತ್ತು ದಾಟಿದವರು, ಎಲ್ಲರಿಗೂ ಬಂಗಾರದಂಥ ಇನ್ಶೂರೆನ್ಸು.

“ನಂದು ಬೇರೆ ವಿಷಯ,” ಎಂದರು ಡಾಕ್ಟರು. “ನಾವು ವೆಜಿಟೇರಿಯನ್ಸ್. ಸೊಪ್ಪು, ಬೇಳೆ, ಫೈಬರ್ ಎಲ್ಲಾ ತಿಂತೀವಲ್ಲ.”

ಎಂ.ಬಿ.ಬಿ.ಎಸ್., ಅದರ ಮೇಲೆ ಎಂ.ಡಿ., ಅದರ ಮೇಲೆ ಅಮೆರಿಕದ್ದು ಇನ್ನೊಂದು. ಓದಿದ್ದೆಲ್ಲ ಹೊಳೆಯಲ್ಲಿ ತೊಳೆದ ಹುಣಸೆಹಣ್ಣು. ಉಳಿದ ಗಂಡಸರು ಹೌದು ಹೌದು ಎಂದು ತಲೆಯಾಡಿಸಿದರು. ಗಂಡಸ್ತನದ ರೋಗ ಟೈಲ್ಸ್ ಕೂರಿಸುವವರಿಗೆ ಮಾತ್ರ ಬರುತ್ತದೆ, ಪಲ್ಯ ತಿಂದವರಿಗೆ ಬರುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಮರುದಿನ ಆ ಟೈಲ್ಸಿನವನು ಕೆಲಸ ಮಾಡುತ್ತಿದ್ದ ಜಾಗ ಹುಡುಕಿಕೊಂಡು ಹೋದೆ. ಹೊಸ ಸಬ್‌ಡಿವಿಷನ್, ಕಟ್ಟುತ್ತಿರುವ ಮನೆಗಳು. ಊಟದ ಹೊತ್ತಾಗಿತ್ತು. ನನ್ನನ್ನು ಕಂಡು ಅವನಿಗೆ ನಾಚಿಕೆಯಾಯಿತು. ಯಾಕೆ ಬರಲಿಲ್ಲ ಎಂದು ಕೇಳಿದೆ. ಔಷಧಿ ಅರ್ಧ ಕುಡಿದಿದ್ದೆ ಎಂದ. ಅವನಿದ್ದ ಅಪಾರ್ಟ್‌ಮೆಂಟಿನಲ್ಲಿ ಏಳು ಮಂದಿ ಗಂಡಸರು, ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಕೆಲಸ ಮುಗಿಸಿ ಬಂದವರೆಲ್ಲ ಸ್ನಾನಕ್ಕೆ ಸಾಲುಗಟ್ಟಿ ನಿಂತಿದ್ದಾರೆ, ಇವನು ಒಳಗೆ ಕೂತವನು ಏಳುವ ಹಾಗಿಲ್ಲ. ಬಾಗಿಲು ಬಡಿದರು, ಬೈದರು. ಎದುರಿನ ಪೆಟ್ರೋಲ್ ಬಂಕಿಗೆ ಓಡಿದ. ಅಲ್ಲಿಯವನು ಎರಡು ಸಲ ಕಕ್ಕಸಿನ ಬೀಗದ ಕೈ ಕೊಟ್ಟ, ಮೂರನೆಯ ಸಲ ಕೊಡಲಿಲ್ಲ. ಉಳಿದ ಔಷಧಿಯನ್ನು ಚೆಲ್ಲಿ, ಬೆಳಿಗ್ಗೆ ಕೆಲಸಕ್ಕೆ ಬಂದುಬಿಟ್ಟೆ ಎಂದ. ಹೇಳುತ್ತ ಅವನೇ ನಕ್ಕ. ಆಮೇಲೆ ನಗು ನಿಲ್ಲಿಸಿ, ಅಪ್ಪನೂ ಹೊಟ್ಟೆಯ ಗಡ್ಡೆಯಿಂದಲೇ ಸತ್ತದ್ದು, ನನಗೆ ಭಯವಾಗುತ್ತಿದೆ ಎಂದ.

ಇದಿಷ್ಟೇ ವಿಷಯ. ಇಷ್ಟಕ್ಕೆ ಸ್ಲೈಡು, ಕಲ್ಚರು, ಗಂಡಸ್ತನ. ಹಿಂದಿನ ವರ್ಷ ನನ್ನ ಗಂಡ ಇದೇ ಪರೀಕ್ಷೆ ಮಾಡಿಸಿಕೊಂಡಿದ್ದ, ಅದೂ ನಾನು ಬೆನ್ನು ಬಿದ್ದದ್ದಕ್ಕೆ. ಎರಡು ದಿನ ರಜೆ. ಮಾಸ್ಟರ್ ಬಾತ್‌ರೂಮಿನಲ್ಲಿ ಫೋನು, ಚಾರ್ಜರು, ಮೆತ್ತನೆಯ ಪೇಪರು, ಆಪಲ್ ಜ್ಯೂಸು. ನನ್ನ ಹೆರಿಗೆಯಲ್ಲಿ ಕೂಡ ನಾನು ಅಷ್ಟು ನರಳಿರಲಿಲ್ಲ.

ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಬರೆದೆ: ಒಬ್ಬ ಮನುಷ್ಯನಿಗೆ ಒಂದು ಸಂಜೆ, ಒಂದು ರಾತ್ರಿ, ಒಂದು ಬಾತ್‌ರೂಮು ಬೇಕು, ಮರುದಿನ ಆಸ್ಪತ್ರೆಯಲ್ಲಿ ಜೊತೆಗೊಬ್ಬರು ಬೇಕು, ಇಲ್ಲದಿದ್ದರೆ ಅವರು ಮಂಪರಿನಲ್ಲಿರುವವನನ್ನು ಹೊರಗೆ ಬಿಡುವುದಿಲ್ಲ. ನಮ್ಮ ಗುಂಪಿನಲ್ಲಿದ್ದ ಮನೆಗಳಿಗೆ ಒಂದೊಂದಕ್ಕೂ ನಾಲ್ಕು, ಐದು ಬಾತ್‌ರೂಮು. ಉತ್ತರವಾಗಿ ಬಹಳ ಕೈ ಮುಗಿಯುವ ಚಿತ್ರಗಳು ಬಂದವು. ಒಬ್ಬರು ಅರಿಶಿನದಿಂದ ಕ್ಯಾನ್ಸರ್ ವಾಸಿಯಾಗುವ ಬಗ್ಗೆ ವಿಡಿಯೋ ಕಳಿಸಿದರು. ಒಬ್ಬರ ಮನೆಗೆ ಆ ವಾರವೇ ನೆಂಟರು ಬರುವವರಿದ್ದರು. ಇನ್ನೊಬ್ಬರ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳಿದ್ದರು. ಮೋಟೆಲ್ ರೂಮು ಹಿಡಿಯೋಣ ಎಂದರು ಒಬ್ಬರು. ಅಲ್ಲಿ ಅವನ ಬಳಿ ಇಲ್ಲದ ಐ.ಡಿ. ಕೇಳುತ್ತಾರೆ ಎಂದೆ. ನಿಮ್ಮ ಹೆಸರಿನಲ್ಲಿ ತೆಗೆದುಕೊಡಿ ಎಂದು ಕೇಳಿದ್ದಕ್ಕೆ ಅವರು ಗುಂಪಿನಿಂದಲೇ ಹೊರಬಿದ್ದರು. ಕೊನೆಗೆ ಅಧ್ಯಕ್ಷರು, ಇದರಲ್ಲಿ ಲೀಗಲ್ ಇಶ್ಯೂ ಇದೆ, ಬೋರ್ಡ್ ಮೀಟಿಂಗಿನಲ್ಲಿ ಡಿಸ್ಕಸ್ ಮಾಡೋಣ ಎಂದು ಬರೆದು ಬಾಗಿಲು ಹಾಕಿದರು. ಬೋರ್ಡ್ ಮೀಟಿಂಗ್ ಯುಗಾದಿಯ ಆಚೆಗಿತ್ತು, ಆಸ್ಪತ್ರೆಯ ದಿನ ಇನ್ನೆರಡು ವಾರದಲ್ಲಿತ್ತು.

ನಮ್ಮ ಮನೆಗೇ ಕರೆದುಬಿಡಬಹುದಿತ್ತು. ಆದರೆ ರೋಗಿಗಳನ್ನು ಮನೆಗೆ ಕರೆಯುವಂತಿಲ್ಲ, ಕಾರಿನಲ್ಲಿ ಕೂರಿಸಿಕೊಳ್ಳುವಂತಿಲ್ಲ, ಅವರ ಪರವಾಗಿ ಸಹಿ ಹಾಕುವಂತಿಲ್ಲ ಎಂದು ನಮ್ಮ ಕ್ಲಿನಿಕ್ಕಿನ ನಿಯಮ. ಮುರಿದರೆ ಕೆಲಸ ಹೋಗುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಎತ್ತಿ ಕುಕ್ಕುತ್ತ ಇದನ್ನೆಲ್ಲ ಒದರಾಡುತ್ತಿದ್ದೆ. ಧಾರವಾಡದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಬೆಂಡೆಕಾಯಿ ಹೆಚ್ಚುತ್ತ ಕೇಳುತ್ತಿದ್ದರು.

ನಮ್ಮ ಅತ್ತೆಯದು ಮಡಿ ಹುಡಿಯ ಜೀವ. ನಾನು ಕ್ಲಿನಿಕ್ಕಿನಿಂದ ಬಂದು ಸ್ನಾನ ಮಾಡದೆ ಒಲೆ ಮುಟ್ಟಿದರೆ ಮುಖ ತಿರುಗಿಸುತ್ತಿದ್ದರು. ಅವರಿಂದ ನಾನು ಏನನ್ನೂ ನಿರೀಕ್ಷಿಸಿರಲಿಲ್ಲ.

“ಅಲ್ಲವಾ, ಈ ಮನ್ಯಾಗ ಪಾಯಖಾನಿ ಎಷ್ಟವ?” ಎಂದರು.

“ನಾಲ್ಕೂವರೆ,” ಎಂದೆ.

“ಅರ್ಧ ಅಂದ್ರ ಏನದು?”

ಸ್ನಾನಕ್ಕೆ ಜಾಗವಿಲ್ಲದ, ಬರೀ ಕೂರುವ ಬಾತ್‌ರೂಮಿಗೆ ಇಲ್ಲಿ ಅರ್ಧ ಎಂದು ಲೆಕ್ಕ ಎಂದು ತಿಳಿಸಿದೆ.

“ಇರೋ ಮಂದಿ ಮೂರು. ನಾಕೂವರಿ ಕಟ್ಟಿಸ್ಕೊಂಡು ಕೂತೀರಿ. ಇಷ್ಟೆಲ್ಲಾ ಹೋಗ್ಲಿಕ್ಕೆ ಏನ್ ತಿಂತೀರಿ ನೀವು?” ಎಂದು ಈಳಿಗೆ ಮಣೆ ಮಡಚಿಟ್ಟರು. “ನಿನ್ನ ನೌಕರಿಗೆ ತ್ರಾಸ ಆಗ್ತದಂದ್ರ ನೀ ಕರೀಬ್ಯಾಡ. ನಾ ಕರೀತೀನಿ. ನನ್ನನ್ನ ಯಾರು ನೌಕರಿಯಿಂದ ತಗೀತಾರ?”

ಹೀಗೆ ಆ ಮನುಷ್ಯ ನಮ್ಮ ಅತ್ತೆಯ ಅತಿಥಿಯಾದ. ಆಸ್ಪತ್ರೆಯ ಹಿಂದಿನ ದಿನ ಮಧ್ಯಾಹ್ನ ನನ್ನ ಗಂಡ ತಾಯಿಯ ಆಜ್ಞೆಯ ಮೇರೆಗೆ ಹೋಗಿ ಅವನನ್ನು ಕರೆದುಕೊಂಡು ಬಂದ. ಅವನು ಬೂಟು ಹೊರಗೆ ಬಿಟ್ಟು, ಒಗೆದ ಅಂಗಿ ಹಾಕಿಕೊಂಡು, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ನಿಂತಿದ್ದ. ಬರಿಗೈಯಲ್ಲಿ ಬರಲಿಲ್ಲ ಎಂಬುದು ಅತ್ತೆಯ ಗಮನಕ್ಕೆ ಬಂತು. ಕೆಳಗಿನ ಬಾತ್‌ರೂಮು, ಪಕ್ಕದ ಕೋಣೆ ಅವನಿಗೆ ಕೊಟ್ಟೆವು.

ಪಂಚಾಯಿತಿ ಶುರುವಾದದ್ದು ಆಮೇಲೆ. ಮನೆಗೆ ಬಂದವನಿಗೆ ಅತ್ತೆ ಅವಲಕ್ಕಿ ಹಚ್ಚಲು ಹೊರಟರು. ಏನೂ ತಿನ್ನುವಂತಿಲ್ಲ, ನೀರು, ತಿಳಿಯಾದ ಹಣ್ಣಿನ ರಸ, ಔಷಧಿ ಅಷ್ಟೇ ಎಂದೆ.

“ಬಂದ ಮನಶ್ಯಾನ್ನ ಉಪಾಸ ಕೆಡವಿ ನಾವು ಉಣ್ಣೂದೇನವಾ?”

“ಡಾಕ್ಟರ್ ಹೇಳ್ಯಾರ, ಅತ್ತಿ. ತಿಂದ್ರ ಮತ್ತ ತಪ್ಪಿ ಹೋಗ್ತದ.”

ಅತ್ತೆ ಒಲೆ ಆರಿಸಿ, ಅನ್ನದ ಪಾತ್ರೆ ಮುಚ್ಚಿಟ್ಟರು. “ಹಂಗಾರ ಇವತ್ತ ಮನಿಗೆಲ್ಲಾ ಏಕಾದಶಿ,” ಎಂದರು.

“ನನಗ್ಯಾಕವ್ವಾ?” ಎಂದ ನನ್ನ ಗಂಡ.

“ನೀ ಈ ಮನಿ ಯಜಮಾನ ಅಲ್ಲೇನು? ಅತಿಥಿ ಹಸದಿರ್ತಾನ, ನೀ ಗಂಗಾಳ ಹಿಡ್ಕೊಂಡು ಕೂಡ್ತಿಯೇನು? ನಿಮ್ಮಪ್ಪ ಕೂತಿದ್ರೇನು ಹಂಗ?”

ಮಗಳಿಗೊಂದು ರಿಯಾಯಿತಿ ಸಿಕ್ಕಿತು. ಅವಳು ಹಾಲು, ಬಾಳೆಹಣ್ಣು ತಿಂದು, “ಅಜ್ಜಿ ಈಸ್ ಕ್ರೇಜಿ,” ಎಂದು ಮೇಲೆ ಹೋದಳು. ನಾವು ಮೂವರೂ ನೀರು ಕುಡಿದು ಕೂತೆವು. ಅವನು ಬಾತ್‌ರೂಮಿನಿಂದ ಹೊರಗೆ ಬಂದಾಗಲೆಲ್ಲ ಅತ್ತೆ ಒಂದು ಲೋಟ ಆಪಲ್ ಜ್ಯೂಸ್ ಹಿಡಿದು ನಿಂತಿರುತ್ತಿದ್ದರು. ನಾವೂ ಉಣ್ಣುತ್ತಿಲ್ಲ ಎಂದು ಅವನಿಗೆ ತಿಳಿದದ್ದು ತಡವಾಗಿ. ಯಾಕೆ ಎಂದು ನನ್ನನ್ನು ಕೇಳಿದ. ಹೇಳಿದೆ. ಅವನು ಅತ್ತೆಯ ಕಡೆ ತಿರುಗಿ ತಲೆ ತಗ್ಗಿಸಿದ. ಔಷಧಿಯ ಕ್ಯಾನು ಬೆಳಗಿನ ಹೊತ್ತಿಗೆ ಪೂರ್ತಿ ಖಾಲಿಯಾಗಿತ್ತು.

ಬೆಳಿಗ್ಗೆ ಗಂಡ ಕಾರು ಓಡಿಸಿದ. ನಾನು ರಜೆ ಹಾಕಿ, ಬರೀ ಸೊಸೆಯಾಗಿ ಹಿಂದೆ ಕೂತೆ. ಆಸ್ಪತ್ರೆಯಲ್ಲಿ ನರ್ಸು, ಜವಾಬ್ದಾರಿ ಹೊರುವವರು ಯಾರು ಎಂದು ಕೇಳಿದಳು. ಇಳಕಲ್ ಸೀರೆ, ಸ್ವೆಟರು, ಕಾಲಿಗೆ ಮೊಮ್ಮಗಳ ಸ್ನೀಕರ್ಸ್ ಹಾಕಿಕೊಂಡಿದ್ದ ನಮ್ಮ ಅತ್ತೆ ಮುಂದೆ ಬಂದು ಕನ್ನಡದಲ್ಲಿ ಸಹಿ ಹಾಕಿದರು. ರೋಗಿಗೆ ನೀವು ಏನಾಗಬೇಕು ಎಂದು ನರ್ಸಿನ ಮುಂದಿನ ಪ್ರಶ್ನೆ. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

“ನಮ್ಮ ಮನಿ ಮಂದಿ ಅಂತ ಹೇಳು,” ಎಂದರು. ಹಾಗೆಯೇ ಹೇಳಿದೆ. ನರ್ಸು ಅವನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಬರೆದುಕೊಂಡಳು.

ಒಳಗಿನಿಂದ ಹೊಟ್ಟೆಯ ಡಾಕ್ಟರ್ ಬಂದದ್ದು ಊಟದ ಹೊತ್ತಿಗೆ. ದೊಡ್ಡದೊಂದು ಗಂಟು ಇತ್ತು, ಪೂರ್ತಿ ತೆಗೆದಿದ್ದೇನೆ, ಇನ್ನೂ ಕ್ಯಾನ್ಸರ್ ಆಗಿರಲಿಲ್ಲ, ಬಿಟ್ಟಿದ್ದರೆ ಆಗುತ್ತಿತ್ತು ಎಂದ. ಮೂರು ವರ್ಷಕ್ಕೆ ಮತ್ತೆ ನೋಡಲೇಬೇಕು ಎಂದು ಒತ್ತಿ ಹೇಳಿದ. ಕಾರಿನಲ್ಲಿ ಅತ್ತೆ ಬುತ್ತಿ ಬಿಚ್ಚಿ ಮೊದಲು ಅವನಿಗೆ ಮೊಸರನ್ನ ಕೊಟ್ಟರು, ಆಮೇಲೆ ಮಗನಿಗೆ. ನಮ್ಮ ಅತಿಥಿ ಮಂಪರಿನಲ್ಲೇ ತಿಂದ.

ಆ ನವೆಂಬರಿನಲ್ಲಿ ರಾಜ್ಯೋತ್ಸವ. ಕರಣೆ ಇಳಿಸಿ ಡಬ್ಬಿ ಹಿಡಿಸಿದ ಆ ಫೋಟೋ ಪರದೆಯ ತುಂಬ ಬಂತು. ನಮ್ಮ ಸೇವೆಯಿಂದ ಒಂದು ಜೀವ ಉಳಿಯಿತು ಎಂದು ಅಧ್ಯಕ್ಷರು ಮೈಕಿನಲ್ಲಿ ಹೇಳಿದರು. ಚಪ್ಪಾಳೆ ಬಿತ್ತು. ಅವರಿಗೆ ಶಾಲು ಹೊದಿಸಿದರು, ಮೈಸೂರು ಪೇಟ ತೊಡಿಸಿದರು. ನಾನು ಹೋಳಿಗೆ ತಿನ್ನುತ್ತಿದ್ದೆ. ಊಟದ ಸಾಲಿನಲ್ಲಿ ಅಧ್ಯಕ್ಷರ ಹೆಂಡತಿ ನನ್ನ ಪಕ್ಕಕ್ಕೆ ಬಂದರು.

“ಆ ಟೈಲ್ಸ್ ಹಾಕೋನ ನಂಬರ್ ಇದೆಯೇನಮ್ಮ? ಬೇಸ್‌ಮೆಂಟಲ್ಲಿ ಇನ್ನೊಂದು ಬಾತ್‌ರೂಮ್ ಮಾಡಿಸೋಣ ಅಂತಿದೀವಿ. ನಮ್ಮ ಮೇಲೆ ಗ್ರಾಟಿಟ್ಯೂಡ್ ಇರುತ್ತಲ್ಲ, ಸ್ವಲ್ಪ ಕಡಿಮೆಗೆ ಮಾಡಿಕೊಡ್ತಾನೆ,” ಎಂದರು.

“ಇಲ್ಲ ಆಂಟಿ,” ಎಂದೆ. ನಂಬರು ನನ್ನ ಫೋನಿನಲ್ಲೇ ಇತ್ತು.

ಆಮೇಲೆ ಕ್ಲಿನಿಕ್ಕಿನ ಆ ಕಾರ್ಯಕ್ರಮಕ್ಕೆ ಬರುತ್ತಿದ್ದ ಹಣ ನಿಂತಿತು. ನಾನು ಬೇರೆ ಕೆಲಸ ಹಿಡಿದೆ. ಕಮಿಟಿ ಗಿಡ ನೆಡುವುದಕ್ಕೆ ಹೊರಳಿತು. ಅತ್ತೆ ಊರಿಗೆ ಮರಳಿ, ಫೋನ್ ಮಾಡಿದಾಗಲೆಲ್ಲ ಕೊನೆಯಲ್ಲಿ ಕೇಳುತ್ತಿದ್ದರು, “ಆ ಮನಶ್ಯಾಗ ಮೂರು ವರ್ಷಕ್ಕ ಬಾ ಅಂದಿದ್ರಲ್ಲ, ಯಾರು ಕರ್ಕೊಂಡು ಹೋಗೋರು?” ನೋಡೋಣ ಎನ್ನುತ್ತಿದ್ದೆ. ಅವನು ಎಲ್ಲಿದ್ದಾನೆಂದೇ ನನಗೆ ಗೊತ್ತಿರಲಿಲ್ಲ. ಹಳೆಯ ನಂಬರಿಗೆ ಮಾಡಿದರೆ ಯಾರೂ ಎತ್ತುತ್ತಿರಲಿಲ್ಲ. ಈ ಮಂದಿ ಕೆಲಸ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗುತ್ತಾರೆ, ಹೇಳಿ ಹೋಗುವುದಕ್ಕೆ ಅವರಿಗೆ ಯಾರಿದ್ದಾರೆ. ಅವನ ಹೊಟ್ಟೆಯಲ್ಲಿ ಇನ್ನೊಂದು ಗಂಟು ಬೆಳೆಯುತ್ತಿದೆಯೇನೋ ಎಂದು ಆಗಾಗ ಸಂಕಟವಾಗುತ್ತಿತ್ತು.

ಮೂರು ವರ್ಷ ತುಂಬಿ ಒಂದು ವಾರವಾಗಿತ್ತು. ಗುರುತಿಲ್ಲದ ನಂಬರಿನಿಂದ ಫೋನು ಬಂತು. ಅವನೇ. ನಾಲ್ಕು ಗಂಟೆ ದಾರಿಯ ಶಾರ್ಲೆಟ್‌ನಲ್ಲಿದ್ದೇನೆ ಎಂದ, ಇಲ್ಲಿನ ಬ್ಯಾಲಂಟೈನ್‌ನಲ್ಲಿ ಆಫೀಸುಗಳಿಗೆ ಟೈಲ್ಸ್ ಹಾಕುತ್ತಿದ್ದೇನೆ. ಆ ಹೊಟ್ಟೆಯ ಡಾಕ್ಟರಿಗೆ ತಾನೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡಿದ್ದ. ನನ್ನಿಂದ ಅವನಿಗೆ ಬೇಕಾಗಿದ್ದುದು ಒಂದೇ.

“ಸೆನ್ಯೋರಾ,” ಎಂದ, “ಆ ಬಾತ್‌ರೂಮು ಖಾಲಿ ಇದೆಯೇ?”

ಇದೆ ಎಂದೆ. ನಾಲ್ಕೂವರೆಯೂ ಖಾಲಿ ಇವೆ ಎಂದೆ. ಫೋನಿಟ್ಟು ತುಸು ಹೊತ್ತು ಕಣ್ಣೀರು ಹಾಕಿದೆ. ಆಮೇಲೆ ಧಾರವಾಡಕ್ಕೆ ಫೋನ್ ಮಾಡಿದೆ. ಕಮಿಟಿಯ ನಮ್ಮ ಡಾಕ್ಟರು ಇನ್ನೂ ಪರೀಕ್ಷೆ ಮಾಡಿಸಿಕೊಂಡಿಲ್ಲ, ಇನ್ನೂ ವೆಜಿಟೇರಿಯನ್ನೇ ಇದ್ದಾರೆ ಎಂಬುದನ್ನೂ ಅತ್ತೆಗೆ ವರದಿ ಮಾಡಿದೆ. ಅವರು ಅದಕ್ಕೆ ಕಿವಿಗೊಡಲಿಲ್ಲ.

“ಎಂದ ಬರ್ತಾನಂತ?” ಎಂದರು. ದಿನ ಹೇಳಿದೆ. “ಆತು. ಆ ದಿನ ನಾ ಇಲ್ಲೇ ಏಕಾದಶಿ ಮಾಡ್ತೀನಿ. ನಿನ್ನ ಗಂಡಗೂ ಹೇಳು.”

ಗಂಡನಿಗೆ ಹೇಳಿದೆ. ಈ ಸಲ ಅವನು ಯಾಕೆ ಎಂದು ಕೇಳಲಿಲ್ಲ.